ಪಾಸ್‌ಪೋರ್ಟಿಗೆ ಹಚ್ಚಿದ ಕುಂಕುಮ

ಮೊನ್ನೆ ಶನಿವಾರ ಕೊತ್ತಂಬರಿ ಸೊಪ್ಪು ತರಲೆಂದು ನಾವೀಗ ಇರುವ ಕ್ಯಾರಿ ಊರಿನ ಮೆಕ್ಸಿಕನ್ ಅಂಗಡಿಗೆ ಹೋಗಿದ್ದೆ. ಇಂಡಿಯನ್ ಅಂಗಡಿಯ ಸೊಪ್ಪು ನಾವು ಮನೆ ಮುಟ್ಟುವಷ್ಟರಲ್ಲಿ ಬಾಡಿರುತ್ತದೆ, ಇವರದು ಮೂರು ದಿನವಾದರೂ ತಲೆಯೆತ್ತಿಕೊಂಡೇ ಇರುತ್ತದೆ. ಬಾಗಿಲು ತಳ್ಳಿದ್ದೇ ತಡ, ಘಮ್ ಎಂದು ಒಂದು ಹೊಗೆ ಮೂಗಿಗೆ ಬಡಿಯಿತು. ನಮ್ಮ ಸಾಂಬ್ರಾಣಿಯದೇ ವಾಸನೆ, ಅದಕ್ಕೆ ಯಾರೋ ನಿಂಬೆಹಣ್ಣು ಹಿಂಡಿದ ಹಾಗೆ. ಕೌಂಟರಿನ ಪಕ್ಕ ಚೆಂಡುಹೂವಿನ ರಾಶಿಯ ನಡುವೆ ಮಣ್ಣಿನ ಬಟ್ಟಲಲ್ಲಿ ಕೊಪಾಲ್ ಸುಡುತ್ತಿದ್ದರು. ಅದೊಂದು ಮರದ ಅಂಟು; ತೀರಿಕೊಂಡ ಹಿರಿಯರ ಹಬ್ಬಕ್ಕೆ ಅವರು ಹಾಕುವ ಧೂಪ. ನಾನು ಗಾಡಿ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ.

"ಅಮ್ಮಾ, ವೈ ಆರ್ ಯು ಸ್ಮೈಲಿಂಗ್ ಅಟ್ ಸ್ಮೋಕ್?" ಎಂದಳು ಎಂಟು ವರ್ಷದ ಮಗಳು ಅನಘಾ.

"ಸುಮ್ನೆ ಕಣೆ," ಎಂದೆ. ಸುಮ್ಮನೆ ಎಲ್ಲಿಂದ ಬಂತು! ನಾಲ್ಕು ವರ್ಷದ ಹಿಂದೆ ಇದೇ ಹೊಗೆಯ ಮುಂದೆ ನಿಂತು ಇವಳಿಗಾಗಿಯೇ ನಾನು ಗೊಳೋ ಎಂದು ಅತ್ತಿದ್ದೆ.

ಆಗ ನಾವು ವರ್ಜೀನಿಯಾದ ಹರ್ನ್‌ಡನ್‌ನಲ್ಲಿದ್ದೆವು. ಡಲ್ಲೆಸ್ ಏರ್‌ಪೋರ್ಟಿಗೆ ಇಳಿಯುವ ವಿಮಾನಗಳು ನಮ್ಮ ಅಪಾರ್ಟ್‌ಮೆಂಟಿನ ಸೂರು ಸವರಿಕೊಂಡೇ ಹೋಗುತ್ತಿದ್ದವು. ನನ್ನದು ಸಾಫ್ಟ್‌ವೇರ್ ಟೆಸ್ಟಿಂಗ್, ಅಂದರೆ ಬೇರೆಯವರು ಮಾಡಿದ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವ ಕೆಲಸ. ಗಂಡ ಸುಧೀಂದ್ರ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದ: "ಆಫೀಸಲ್ಲಿ ಎಂಟು ಗಂಟೆ ಪ್ರಾಕ್ಟೀಸ್ ಮಾಡ್ತಾಳೆ, ಸಂಜೆ ಬಂದು ನನ್ಮೇಲೆ ಅಪ್ಲೈ ಮಾಡ್ತಾಳೆ."

2004ರ ಆ ವರ್ಷ ಡಿಸೆಂಬರಿನಲ್ಲಿ ಮೈಸೂರಿನಲ್ಲಿ ನನ್ನ ತಂಗಿಯ ಮದುವೆ ಗೊತ್ತಾಗಿತ್ತು. ಹೋಗಿ ಬರಬೇಕೆಂದರೆ ಪಾಸ್‌ಪೋರ್ಟಿನಲ್ಲಿ ಹೊಸ ವೀಸಾ ಬೇಕು. ನನ್ನದರ ಅವಧಿ ಮುಗಿದಿತ್ತು. ಅಮೆರಿಕದ ಒಳಗಿರುವಷ್ಟು ಕಾಲ ಅದರಿಂದ ಏನೂ ತೊಂದರೆಯಿಲ್ಲ, ಕೆಲಸ ಮಾಡಿಕೊಂಡು ಹಾಯಾಗಿ ಇರಬಹುದು. ಹೊಸ್ತಿಲು ದಾಟಿದರೆ ಮಾತ್ರ ಮತ್ತೆ ಒಳಗೆ ಬರಲು ಹೊಸ ಚೀಟಿ ಅಂಟಿಸಿಕೊಳ್ಳಬೇಕು. ಮೊದಲು ಅದನ್ನು ಇಲ್ಲೇ ಪೋಸ್ಟಿನಲ್ಲಿ ಕಳಿಸಿ ಮಾಡಿಸಿಕೊಳ್ಳುತ್ತಿದ್ದರು, ಆ ಬೇಸಿಗೆಯಿಂದ ಅದು ನಿಂತುಹೋಗಿತ್ತು. ಊರಿಗೆ ಹೋದಾಗ ಚೆನ್ನೈಯ ಅಮೆರಿಕನ್ ಕಾನ್ಸುಲೇಟಿನಲ್ಲಿ ಮಾಡಿಸೋಣವೆಂದರೆ ತಾರೀಖು ಸಿಗುವುದೇ ಕಷ್ಟ. ಕೊಟ್ಟ ಮೂರು ವಾರದ ರಜೆಯಲ್ಲಿ ಅದೂ ತಡವಾದರೆ ಕೆಲಸಕ್ಕೇ ಕುತ್ತು.

ಹರ್ನ್‌ಡನ್‌ನಲ್ಲಿ ಸಲಹೆಗೆ ಬರವೇ? ಅಪಾರ್ಟ್‌ಮೆಂಟಿನ ಈಜುಕೊಳದ ಪಕ್ಕ ಮಕ್ಕಳನ್ನು ಆಡಿಸುತ್ತ ಕೂತಿದ್ದ ಪ್ರತಿಯೊಬ್ಬರೂ ವಕೀಲರೇ. "ಮೆಕ್ಸಿಕೋಗೆ ಹೋಗ್ಬಿಡಿ ರೀ, ಅಲ್ಲೂ ಅಮೆರಿಕನ್ ಕಾನ್ಸುಲೇಟ್ ಇದೆ. ಮಂಗಳವಾರ ಫ್ಲೈಟ್ ಹತ್ತಿ, ಬುಧವಾರ ಇಂಟರ್‌ವ್ಯೂ, ಗುರುವಾರ ಸ್ಟಾಂಪು, ಶುಕ್ರವಾರ ವಾಪಸ್. ನಮ್ಮೆಜಮಾನ್ರು ಹಂಗೇ ಮಾಡಿದ್ದು." ಸುಧೀಂದ್ರನ ಪ್ರಾಜೆಕ್ಟು ಆ ವಾರವೇ ಲೈವ್ ಹೋಗುವುದಿತ್ತು, ಅವನು ಬರುವಂತಿರಲಿಲ್ಲ. ನಾಲ್ಕು ವರ್ಷದ ಅನಘಾಳನ್ನು ನೋಡಿಕೊಳ್ಳಲು ಅತ್ತೆ ಇದ್ದರು. ಸುಧೀಂದ್ರನ ತಾಯಿ ಸಾವಿತ್ರಮ್ಮ, ಮೈಸೂರಿನ ಚಾಮರಾಜಪುರಂನವರು, ಆರು ತಿಂಗಳ ಮಟ್ಟಿಗೆ ಬಂದಿದ್ದರು. ಸರಿ, ಒಬ್ಬಳೇ ಹೋಗಿ ಬರುತ್ತೇನೆ ಎಂದು ಟಿಕೆಟ್ ಮಾಡಿಸಿದೆ.

ಹೊರಡುವ ಮೂರು ನಾಲ್ಕು ದಿನ ಮುಂಚೆ ಆಯುಧಪೂಜೆ ಬಂತು. ಅತ್ತೆಯ ಆಯುಧಪೂಜೆಗೆ ಲಂಗುಲಗಾಮಿಲ್ಲ. ಯಾವುದು ನಮಗೆ ಅನ್ನ ಹಾಕುತ್ತದೋ ಅದೆಲ್ಲ ಆಯುಧವೇ ಎಂಬುದು ಅವರ ಲೆಕ್ಕ. ಚಾಕು, ಈಳಿಗೆಮಣೆ, ಮಿಕ್ಸಿ ಸರಿಯೇ. ಕಾರಿಗೆ ಚೆಂಡುಹೂವಿನ ಹಾರ ಹಾಕಿ ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟರು. ಇಬ್ಬರ ಲ್ಯಾಪ್‌ಟಾಪಿಗೂ ಅರಿಶಿನ ಕುಂಕುಮ ಬಿತ್ತು. ಮಗುವಿನ ಸ್ಟ್ರೋಲರಿಗೆ, ಕೊನೆಗೆ ವ್ಯಾಕ್ಯೂಮ್ ಕ್ಲೀನರಿಗೂ.

"ಅಮ್ಮ, ಅದು ಕಸ ಗುಡಿಸೋ ಮಿಷೀನು, ಅದಕ್ಕೂ ಮಂಗಳಾರತೀನಾ?" ಎಂದು ಸುಧೀಂದ್ರ ರೇಗಿಸಿದ. ದೇವರು ದಿಂಡರೆಂದರೆ ಅವನಿಗೆ ಯಾವಾಗಲೂ ತಮಾಷೆಯೇ.

"ಪೊರಕೆಗೆ ಮಾಡಲ್ವೇನೋ? ಇದೂ ಪೊರಕೇನೇ, ಕರೆಂಟಿನದು," ಎಂದರು ಅತ್ತೆ.

ನನ್ನ ಪಾಸ್‌ಪೋರ್ಟು, ವೀಸಾ ಕಾಗದಗಳೆಲ್ಲ ಒಂದು ನೀಲಿ ಫೈಲಿನಲ್ಲಿ ಸಿದ್ಧವಾಗಿದ್ದವು. ಅತ್ತೆಯ ಕಣ್ಣು ಅದರ ಮೇಲೆ ಬೀಳುವುದು ನೋಡಿ ನಾನು ಮೊದಲೇ ಹೇಳಿದೆ: "ಅತ್ತೆ, ಪೇಪರ್‌ಗಳನ್ನ ಮಾತ್ರ ಮುಟ್ಟಬೇಡಿ, ಕೈ ಮುಗೀತೀನಿ." ಅವರು ಹೂಂ ಅನ್ನಲೂ ಇಲ್ಲ, ಉಹೂಂ ಅನ್ನಲೂ ಇಲ್ಲ.

ಮೆಕ್ಸಿಕೋ ನಗರದಲ್ಲಿ ಕಾನ್ಸುಲೇಟಿನ ಕಿಟಕಿಯ ಆಚೆ ಒಬ್ಬ ಎಳೆ ವಯಸ್ಸಿನ ಅಧಿಕಾರಿ ಕೂತಿದ್ದ. ಮೂರು ಪ್ರಶ್ನೆ ಕೇಳಿದ, ಮೂರಕ್ಕೂ ಸರಿಯಾಗಿಯೇ ಹೇಳಿದೆ. ಪಾಸ್‌ಪೋರ್ಟು ತಿರುವುತ್ತ ಹಳೆಯ ವೀಸಾ ಇದ್ದ ಪುಟಕ್ಕೆ ಬಂದು ನಿಂತ. ಪುಟವನ್ನು ಬೆಳಕಿಗೆ ಹಿಡಿದ. ಆಮೇಲೆ ಗಾಜಿಗೆ ಒತ್ತಿ ನನಗೂ ತೋರಿಸಿದ. ಎಣ್ಣೆಯಲ್ಲಿ ಕಲಸಿದ ಕುಂಕುಮ, ಅದರ ಸುತ್ತ ಅರಿಶಿನ, ಸರಿಯಾಗಿ ತಾರೀಖಿನ ಮೇಲೆ. ಅಂಕಿಗಳು ಕಾಣದ ಹಾಗೆ ಕೆಂಪು ಹರಡಿ ಕಾಗದಕ್ಕೆ ಇಳಿದಿತ್ತು. ಯಾರೋ ತಾರೀಖು ಅಳಿಸಲು ಹೋಗಿ ಸಿಕ್ಕಿಬಿದ್ದ ಹಾಗಿತ್ತು.

ಇದು ಪೂಜೆಯ ಬಣ್ಣ, ನಮ್ಮ ಸಂಪ್ರದಾಯ, ಅಂತೇನೇನೋ ತೊದಲಿದೆ. ಅವನು ಒರಟನೇನಲ್ಲ. ಹಳೆಯ ವೀಸಾ ಕೊಟ್ಟ ಕಡೆ ವಿಚಾರಿಸಿ ದಾಖಲೆ ತಾಳೆ ನೋಡಬೇಕು, ಎಷ್ಟು ದಿನ ಹಿಡಿಯುತ್ತದೋ ಹೇಳಲಾಗದು, ನಾವೇ ಫೋನ್ ಮಾಡುತ್ತೇವೆ ಎಂದ. ಪಾಸ್‌ಪೋರ್ಟು ಅಲ್ಲೇ ಉಳಿಯಿತು. ಕೈಗೆ ಒಂದು ಚೀಟಿ ಬಂತು.

ಹೊರಗೆ ಬಂದು ಫುಟ್‌ಪಾತಿನ ಮೇಲೆ ನಿಂತಾಗ ವಿಷಯ ತಲೆಗೆ ಇಳಿಯಿತು. ಈಗ ನಾನು ಮನೆಗೆ ಹೋಗುವಂತಿಲ್ಲ. ತಾಳೆಯಾಗದೆ ವೀಸಾ ಕೊಡದಿದ್ದರೆ ಇಲ್ಲಿಂದಲೇ ಬೆಂಗಳೂರಿನ ವಿಮಾನ. ಮಗಳು ಹರ್ನ್‌ಡನ್‌ನಲ್ಲಿ, ನಾನು ಇನ್ನೆಲ್ಲೋ, ಎಷ್ಟು ತಿಂಗಳೋ.

ರಸ್ತೆ ಬದಿಯ ಫೋನಿಗೆ ಕಾರ್ಡು ತೂರಿಸಿ ಮನೆಗೆ ಮಾಡಿದೆ. ಅತ್ತೆಯೇ ಎತ್ತಿಕೊಂಡರು.

"ಹೇಳಿದ್ನಲ್ಲ ಅತ್ತೆ, ಪೇಪರ್ ಮುಟ್ಟಬೇಡಿ ಅಂತ! ಪಾಸ್‌ಪೋರ್ಟ್ ಒಳಗೆ ಕುಂಕುಮ ಹಚ್ಚಿದ್ದೀರಲ್ಲ, ಈಗ ನೋಡಿ, ನನ್ನನ್ನ ವಾಪಸ್ ಬಿಡ್ತಿಲ್ಲ ಇವ್ರು. ನಿಮ್ಮ ಪೂಜೆಯಿಂದ ನಾನು ನನ್ನ ಮಗಳ ಮುಖ ನೋಡದ ಹಾಗಾಯ್ತು!"

ಆ ಕಡೆಯಿಂದ, "ಆಯ್ತಮ್ಮ. ಊಟ ಮಾಡಿದ್ಯಾ?" ಎಂದರು. ಅದನ್ನು ಕೇಳಿ ನನಗೆ ಇನ್ನೂ ಉರಿದುಹೋಯಿತು. ಠಪ್ಪೆಂದು ಇಟ್ಟೆ.

ಸಂಜೆ ಸುಧೀಂದ್ರನಿಗೆ ಮಾಡಿ ಮನಸ್ಸು ತಣಿಯುವಷ್ಟು ಅತ್ತುಬಿಟ್ಟೆ. "ನಿಮ್ಮಮ್ಮ..." ಎಂದು ಶುರು ಮಾಡಿದಾಗಲೆಲ್ಲ ಅವನು, "ಬಿಡೆ, ಆಗಿದ್ದು ಆಗೋಯ್ತು, ನೀನು ಧೈರ್ಯವಾಗಿರು" ಎಂದು ಮಾತು ತೇಲಿಸುತ್ತಿದ್ದ. ತಾಯಿಯ ಪರವೂ ಇಲ್ಲ, ನನ್ನ ಪರವೂ ಇಲ್ಲ. ಅನಘಾ ಫೋನ್ ಕಿತ್ತುಕೊಂಡು, "ಅಮ್ಮಾ, ಆರ್ ಯು ಇನ್ ದಿ ಏರ್‌ಪ್ಲೇನ್ ನೌ?" ಎಂದಳು. ಮೇಲೆ ಹೋಗುವ ಪ್ರತಿ ವಿಮಾನಕ್ಕೂ ಕೈ ಬೀಸುತ್ತಿದ್ದಾಳಂತೆ.

ನಾನು ಉಳಿದುಕೊಂಡಿದ್ದು ಕೊಯೊವಕಾನ್ ಎಂಬ ಹಳೆಯ ಬಡಾವಣೆಯಲ್ಲಿ. ಕಲ್ಲು ಹಾಸಿದ ಓಣಿಗಳು, ಬಣ್ಣ ಬಳಿದ ಗೋಡೆಗಳು, ಚೌಕದಲ್ಲಿ ಕಾರಂಜಿ. ಹರ್ನ್‌ಡನ್‌ನ ಗೆಳತಿ ಹೇಳಿದ್ದ ಪುಟ್ಟ ವಸತಿಗೃಹ, ಅದರ ಯಜಮಾನಿಗೆ ಇಂಗ್ಲಿಷ್ ಬಾರದು, ನನಗೆ ಸ್ಪ್ಯಾನಿಷ್ ಬಾರದು. ಬೆಳಿಗ್ಗೆ ಒಂಬತ್ತಕ್ಕೆ ಅವಳು ಪೊರಕೆ ಹಿಡಿದು ಬಂದು ನನ್ನನ್ನು ಹೊರಗೆ ಹಾಕುತ್ತಿದ್ದಳು. "ಮುಸೇಯೊ! ಮುಸೇಯೊ!" ಎಂದು ಬೀದಿಯ ಕಡೆ ಕೈ ತೋರಿಸುವಳು. ಕೋಣೆಯಲ್ಲಿ ಕೂತು ಅಳಬೇಡ, ಮ್ಯೂಸಿಯಂಗೆ ಹೋಗಿ ಏನಾದರೂ ನೋಡು ಎಂದು ಅರ್ಥ. ಮುಂಗೈಯಿಂದ ಕಣ್ಣೊರೆಸುವ ಅಭಿನಯವನ್ನೂ ಮಾಡಿ ತೋರಿಸಿದಳು, ಪುಣ್ಯಾತ್ಗಿತ್ತಿ.

ಆ ಬಡಾವಣೆಯಲ್ಲಿ ಎಡವಿ ಬಿದ್ದರೆ ಒಂದು ಮ್ಯೂಸಿಯಂ. ಜಲವರ್ಣದ ಚಿತ್ರಗಳಿಗೆ ಒಂದು, ಯಾವುದೋ ಚಿತ್ರಕಾರರು ಬದುಕಿದ್ದ ಮನೆಯಲ್ಲಿ ಒಂದು, ಜನಪದರು ಮಾಡಿದ ಸಾಮಾನಿಗೆ ಒಂದು. ನಿಜ ಹೇಳುತ್ತೇನೆ, ಕಲೆಯ ಮೇಲಿನ ಪ್ರೀತಿಯಿಂದ ನಾನು ಹೋಗಲಿಲ್ಲ. ಗೊತ್ತಿಲ್ಲದ ಊರಿನಲ್ಲಿ ಹೆಂಗಸೊಬ್ಬಳು ಗಂಟೆಗಟ್ಟಲೆ ಸುಮ್ಮನೆ ಕೂತರೆ ಯಾರೂ ಏನೆಂದು ಕೇಳದ ಜಾಗ ಅದು. ಬೆಂಚಿರುತ್ತದೆ, ಕಾವಲಿರುತ್ತದೆ, ಶುಚಿಯಾದ ಶೌಚಾಲಯವಿರುತ್ತದೆ. ಮೊದಲ ದಿನ ಚಿತ್ರಗಳ ಮ್ಯೂಸಿಯಂನಲ್ಲಿ ಒಂದು ಹಣ್ಣಿನ ಬುಟ್ಟಿಯ ಮುಂದೆ ಒಂದೂವರೆ ಗಂಟೆ ಕೂತಿದ್ದೆ. ಅದರಲ್ಲಿ ಯಾವ ಹಣ್ಣಿತ್ತು ಎಂದು ಅವತ್ತು ಸಂಜೆ ಕೇಳಿದ್ದರೂ ಹೇಳಲು ಬರುತ್ತಿರಲಿಲ್ಲ.

ಜನಪದ ಮ್ಯೂಸಿಯಂ ಮಾತ್ರ ನನ್ನನ್ನು ಹಿಡಿದುಹಾಕಿತು. ಹಳೆಯ ತೊಟ್ಟಿಮನೆಯಂಥ ಕಟ್ಟಡ, ನಡುವೆ ಅಂಗಳ. ಕೋಣೆ ತುಂಬ ಮುಖವಾಡಗಳು, ಅರಗು ಬಳಿದ ಸೋರೆಬುರುಡೆಗಳು, ಮೈತುಂಬ ಚುಕ್ಕಿಯಿಟ್ಟ ಮರದ ಮೃಗಗಳು. ಅವುಗಳಲ್ಲಿ ಒಂದಕ್ಕೆ ಮೊಲದ ಕಿವಿ, ಹಲ್ಲಿಯ ಬಾಲ, ಹದ್ದಿನ ರೆಕ್ಕೆ. ಮಾಡಿದವನಿಗೆ ನಿದ್ದೆಗಣ್ಣೋ ಏನೋ ಎಂದುಕೊಂಡೆ. ಕೊನೆಯ ಕೋಣೆಯಲ್ಲಿ ಕಪ್ಪು ಮಖಮಲ್ಲಿನ ಮೇಲೆ ಮೊಳೆ ಹೊಡೆದು ಇಟ್ಟಿದ್ದ ಬೆರಳುಗಾತ್ರದ ತಗಡಿನ ತುಂಡುಗಳನ್ನು ನೋಡಿ ಕಾಲು ಕಟ್ಟಿಹಾಕಿದಂತಾಯಿತು. ಪುಟ್ಟ ಕಣ್ಣು, ಪುಟ್ಟ ಕಾಲು, ಪುಟ್ಟ ಕೈ, ಪುಟ್ಟ ಹೃದಯ. ನಮ್ಮ ನಂಜನಗೂಡಿನಲ್ಲಿ ಹುಂಡಿಗೆ ಹಾಕುತ್ತಾರಲ್ಲ ಬೆಳ್ಳಿಯ ಕಣ್ಣು, ಬೆಳ್ಳಿಯ ಕೈಕಾಲು, ಅವೇ! ನನ್ನಜ್ಜಿ ಮಂಡಿನೋವಿಗೆ ಒಂದು ಜೊತೆ ಕಾಲು ಹಾಕಿ ಬಂದಿದ್ದರು. ನೋವು ಹೋಗಲಿಲ್ಲ, ಅದು ಬೇರೆ ಮಾತು.

ಗಾಜಿಗೆ ಹಣೆ ತಾಗಿಸಿ ನೋಡುತ್ತಿದ್ದೆನೇನೋ, ಹಿಂದಿನಿಂದ ಕಾವಲಿನ ಹೆಂಗಸು ಏನೋ ಅಂದಳು. ಆ ಊರಿನಲ್ಲಿ ಎಲ್ಲರೂ ನನ್ನ ಮೈಬಣ್ಣ, ಜಡೆ ನೋಡಿ ತಮ್ಮವಳೆಂದೇ ಸ್ಪ್ಯಾನಿಷ್ ಆಡುತ್ತಿದ್ದರು. ನಾನು ತಲೆಯಾಡಿಸಿದೆ. ಅವಳು ಇಂಗ್ಲಿಷಿಗೆ ಬಂದಳು: "ಗಾಜು ಒರೆಸೋದು ನಾನೇ ಕಣಮ್ಮ, ಸ್ವಲ್ಪ ದೂರ ನಿಂತ್ಕೋ." ಅವಳ ಇಂಗ್ಲಿಷಿನಲ್ಲಿ ಅಮೆರಿಕದ ದಕ್ಷಿಣದವರ ರಾಗವಿತ್ತು. ಆಶ್ಚರ್ಯವಾಗಿ ಕೇಳಿದರೆ, ಆರು ವರ್ಷ ಅಲ್ಲಿನ ಶಾರ್ಲೆಟ್ ನಗರದಲ್ಲಿ ಹೋಟೆಲಿನ ಕೋಣೆಗಳನ್ನು ಶುಚಿ ಮಾಡುತ್ತಿದ್ದಳಂತೆ. ಹೆಸರು ಲೂಪೆ. ಐವತ್ತರ ಆಸುಪಾಸು, ಗಿಡ್ಡ ದೇಹ, ಸಮವಸ್ತ್ರದ ಜೇಬಿನಲ್ಲಿ ಸದಾ ಹುರಿದ ಕುಂಬಳಬೀಜ.

ಎರಡನೇ ದಿನವೂ ಹೋದೆ, ಮೂರನೇ ದಿನವೂ ಹೋದೆ. ಜನ ಕಡಿಮೆಯಿದ್ದಾಗ ಲೂಪೆ ನನ್ನ ಬೆಂಚಿಗೇ ಬಂದು ಕೂರುತ್ತಿದ್ದಳು. ಪಕ್ಕದ ಗೋಡೆಯಲ್ಲಿ ತಗಡಿನ ಮೇಲೆ ಬರೆದ ಚಿಕ್ಕ ಚಿತ್ರಗಳಿದ್ದವು. ಕಷ್ಟದಿಂದ ಪಾರಾದವರು ದೇವರಿಗೆ ಕೃತಜ್ಞತೆ ಹೇಳಿ ಬರೆಸಿ ಚರ್ಚಿನಲ್ಲಿ ತೂಗುಹಾಕುವಂಥವು. ಹಾಸಿಗೆ ಹಿಡಿದವರು, ಮರದಿಂದ ಬಿದ್ದವರು, ಎತ್ತು ತಿವಿದವರು. ಚಿತ್ರದ ಕೆಳಗೆ ನಡೆದದ್ದರ ವಿವರ. ಲೂಪೆ ಒಂದೊಂದನ್ನೇ ಓದಿ ಹೇಳಿದಳು. ಒಂದರಲ್ಲಿ ಹೆಂಗಸೊಬ್ಬಳು ಮಂಡಿಯೂರಿದ್ದಾಳೆ, ಬಾಗಿಲಲ್ಲಿ ಟೋಪಿ ಹಾಕಿದ ಗಂಡಸು. "ನನ್ನ ಗಂಡ ಉತ್ತರದ ದೇಶದಿಂದ ಎರಡೂ ಕೈ ನೆಟ್ಟಗಿದ್ದು ವಾಪಸ್ ಬಂದ, ಅದಕ್ಕೆ." ಅಷ್ಟೇ ಬರೆದಿತ್ತು; ಉತ್ತರದ ದೇಶವೆಂದರೆ ಅಮೆರಿಕ. ಗಂಡನ ಎರಡು ಕೈಯನ್ನೂ ಕಲಾವಿದ ಸೌತೆಕಾಯಿಯಷ್ಟು ದಪ್ಪಕ್ಕೆ ಬರೆದಿದ್ದ. ಎಷ್ಟೋ ದಿನದ ಮೇಲೆ ನನಗೆ ನಗು ಬಂತು.

ಆಮೇಲೆ ನನ್ನ ಕತೆ ಹೇಳಿದೆ. ಕುಂಕುಮ, ಅತ್ತೆ, ಪಾಸ್‌ಪೋರ್ಟು, ಎಲ್ಲ. ಅವಳೂ ನನ್ನ ಜೊತೆ ಅತ್ತೆಯನ್ನು ಬೈಯುತ್ತಾಳೆಂದು ಕಾದೆ. ಲೂಪೆ ಬಿದ್ದು ಬಿದ್ದು ನಕ್ಕಳು.

"ನಮ್ಮಮ್ಮನೂ ನನ್ನ ಬರ್ತ್ ಸರ್ಟಿಫಿಕೇಟಿಗೆ ಚರ್ಚಿನ ತೀರ್ಥ ಚಿಮುಕಿಸಿದ್ಲು. ಇಂಕು ಕರಗಿ ಹೋಯ್ತು. ನಾನು ಹುಟ್ಟಿದ್ದಕ್ಕೆ ಸಾಕ್ಷೀನೇ ಇಲ್ಲ ಈಗ."

"ನಿಮಗೆ ಸಿಟ್ಟು ಬರ್ಲಿಲ್ವಾ?"

"ಬಂತು. ಶಾರ್ಲೆಟ್‌ನಿಂದ ಫೋನ್ ಮಾಡಿದಾಗೆಲ್ಲ ಅದನ್ನೇ ಎತ್ತಿ ಆಡ್ತಿದ್ದೆ." ಒಂದು ಬೀಜ ಸುಲಿದು ನನ್ನ ಕೈಗೆ ಹಾಕಿದಳು. "ಅವಳಿಗೆ ಹುಷಾರಿಲ್ಲ ಅಂತ ಬಂದೆ. ನನ್ನ ಹತ್ರ ಪೇಪರ್ ಇರ್ಲಿಲ್ಲ, ಬಂದ್ರೆ ವಾಪಸ್ ಹೋಗಕ್ಕಾಗಲ್ಲ ಅಂತ ಗೊತ್ತಿತ್ತು. ಮಗಳನ್ನ ಅಕ್ಕನ ಹತ್ರ ಬಿಟ್ಟು ಬಂದೆ. ಆಗ ಅವಳಿಗೆ ಹತ್ತು ವರ್ಷ. ಈಗ ಹದಿನೆಂಟು. ಶಾರ್ಲೆಟ್ ಪಕ್ಕದ ಫೋರ್ಟ್ ಮಿಲ್‌ನಲ್ಲಿ ಇದ್ದಾಳೆ, ಫೋಟೋ ಕಳಿಸ್ತಾಳೆ."

ಎಂಟು ವರ್ಷ ಇವಳದು. ನನ್ನದು ಐದು ದಿನ, ಅದಕ್ಕೇ ಇಡೀ ಪ್ರಪಂಚ ಮುಳುಗಿತೆಂದು ಕೂತಿದ್ದೇನೆ. ನಾಚಿಕೆಯಾಯಿತು. ನಾಚಿಕೆಯ ಜೊತೆಗೇ ಹೆದರಿಕೆಯೂ ಆಯಿತು. ಐದು ದಿನ ಎಂಟು ವರ್ಷವಾಗುವುದು ಎಷ್ಟು ಸುಲಭ!

ಸೋಮವಾರ, ಮಂಗಳವಾರ ಊರಿಗೆಲ್ಲ ಹಿರಿಯರ ಹಬ್ಬ. ನಮ್ಮ ಪಿತೃಪಕ್ಷದ ಎಡೆಯ ಹಾಗೆಯೇ, ಆದರೆ ಮೌನವಿಲ್ಲ, ಮಡಿಯಿಲ್ಲ. ಬೀದಿಯಲ್ಲೆಲ್ಲ ವಾದ್ಯ, ಸಕ್ಕರೆಯಲ್ಲಿ ಮಾಡಿದ ತಲೆಬುರುಡೆ, ಕತ್ತರಿಸಿದ ಬಣ್ಣದ ಕಾಗದದ ತೋರಣ. ಮ್ಯೂಸಿಯಂನ ಅಂಗಳದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಗೊಂಬೆ ಕೂರಿಸುವ ಹಾಗೆ ಕಟ್ಟಿ, ಚೆಂಡುಹೂವು ಸುರಿದು, ಕೆಲಸದವರೆಲ್ಲ ತಮ್ಮ ತಮ್ಮ ಹಿರಿಯರ ಫೋಟೋ ಇಟ್ಟಿದ್ದರು. ಲೂಪೆ ತನ್ನ ತಾಯಿಯದನ್ನು ತಂದಿದ್ದಳು. ಮುಂದೆ ಒಂದು ಲೋಟ ನೀರು, ಬಿಸಿ ರೊಟ್ಟಿ, ಹುರುಳಿಕಾಯಿಯಂಥ ಏನೋ ಪಲ್ಯ. ಕೊಪಾಲ್ ಹೊಗೆ ಏಳುತ್ತಿತ್ತು.

"ನಿಮ್ಮಮ್ಮನಿಗೆ ಪಲ್ಯ ಇಷ್ಟ ಇತ್ತಾ?" ಎಂದೆ.

"ಇಲ್ಲ. ನನಗೆ ಇಷ್ಟ. ನಾನು ಬಂದ ದಿನ ಏಳೋಕೆ ಆಗದವಳು ಎದ್ದು ಮಾಡಿಟ್ಟಿದ್ಲು. ನಾನು ಬೈದಿದ್ದೆಲ್ಲ ಮರೆತೇ ಹೋಗಿತ್ತು ಅವಳಿಗೆ. ಊಟ ಮಾಡಿದ್ಯಾ ಅಂತ ಕೇಳಿದ್ಲು, ಅಷ್ಟೇ."

ಆಗಲೇ ನಾನು ಅತ್ತಿದ್ದು. ಗುರುತಿಲ್ಲದ ಜನರ ನಡುವೆ, ಹಬ್ಬದ ದಿನ, ಮೂಗು ಸೋರಿಸಿಕೊಂಡು ಗೊಳೋ ಎಂದು. ಅನಘಾಳ ನೆನಪಿಗೆ ಅತ್ತೆನೋ, ಫೋನಿನಲ್ಲಿ ದಿನಾ ಕೊಂಕು ಮಾತು ಕೇಳಿಸಿಕೊಂಡು ದಿನಾ ಊಟವಾಯಿತೇ ಎನ್ನುತ್ತಿದ್ದ ಆ ಮುದುಕಿಯ ನೆನಪಿಗೆ ಅತ್ತೆನೋ, ಎರಡಕ್ಕೂ. ಲೂಪೆ ಸೆರಗಿಲ್ಲದ ಸಮವಸ್ತ್ರದ ತೋಳಿನಲ್ಲೇ ನನ್ನ ಮುಖ ಒರೆಸಿದಳು.

ಆ ಮಧ್ಯಾಹ್ನ ಮನೆಗೆ ಫೋನ್ ಮಾಡಿದೆ. ಅತ್ತೆ ಎತ್ತಿಕೊಂಡು ಬೈಗುಳಕ್ಕೆ ಸಿದ್ಧರಾದವರ ಹಾಗೆ "ಹೂಂ" ಎಂದರು.

"ಅತ್ತೆ, ಊಟ ಆಯ್ತಾ ನಿಮ್ದು?"

"ಆಯ್ತು. ತೊವ್ವೆ ಮಾಡಿದ್ದೆ. ಇವಳು ಎರಡು ಸಲ ಹಾಕಿಸ್ಕೊಂಡ್ಲು." ತಡೆದು, "ಯಾಕೆ, ಏನಾದ್ರೂ ಆಯ್ತಾ ಅಲ್ಲಿ? ದನಿ ಒಂಥರಾ ಇದೆ," ಎಂದರು.

"ಏನಿಲ್ಲ. ಸುಮ್ನೆ ಕೇಳ್ದೆ." ಕ್ಷಮೆ ಕೇಳಬೇಕೆಂದೇ ಮಾಡಿದ್ದೆ. ಬಾಯಿ ಬರಲಿಲ್ಲ. ತಪ್ಪು ಹುಡುಕುವುದರಲ್ಲಿ ಪಳಗಿದ ಬಾಯಿ, ತಪ್ಪಾಯ್ತು ಅನ್ನಲು ಅದಕ್ಕೆ ಅಭ್ಯಾಸವಿರಲಿಲ್ಲ.

ಗುರುವಾರ ಬೆಳಿಗ್ಗೆ ಕರೆ ಬಂತು. ವಸತಿಗೃಹದ ಯಜಮಾನಿ ಫೋನ್ ಹಿಡಿದುಕೊಂಡು ಮಹಡಿಯ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದಳು. ಕಾನ್ಸುಲೇಟಿಗೆ ಬರಬೇಕಂತೆ, ಯಾಕೆಂದು ಹೇಳಲಿಲ್ಲ. ಟ್ಯಾಕ್ಸಿಯಲ್ಲಿ ದಾರಿಯುದ್ದಕ್ಕೂ ರಾಘವೇಂದ್ರಸ್ವಾಮಿಗಳಿಂದ ಹಿಡಿದು ಲೂಪೆಯ ಗೋಡೆಯ ಮೇಲಿದ್ದ ಮೇರಿಯಮ್ಮನವರೆಗೆ ಯಾರನ್ನೂ ಬಿಡಲಿಲ್ಲ. ಈ ಸಲ ಕಿಟಕಿಯ ಆಚೆ ಇದ್ದವರು ನಡುವಯಸ್ಸಿನ ಹೆಂಗಸು, ಕನ್ನಡಕವನ್ನು ಸರಕ್ಕೆ ಕಟ್ಟಿ ಎದೆಗೆ ಇಳಿಬಿಟ್ಟಿದ್ದರು. ನನ್ನ ಪಾಸ್‌ಪೋರ್ಟು ಅವರ ಮುಂದೆ ಆ ಪುಟಕ್ಕೇ ತೆರೆದಿತ್ತು.

"ಇದೇನು, ಹೇಳಿ," ಎಂದರು.

ಈ ಸಲ ತೊದಲಲಿಲ್ಲ. ವರ್ಷಕ್ಕೊಂದು ದಿನ, ಯಾವುದರಿಂದ ನಮ್ಮ ಜೀವನ ನಡೆಯುತ್ತದೋ ಅದಕ್ಕೆ ಈ ಬಣ್ಣ ಹಚ್ಚಿ ಕೈ ಮುಗಿಯುತ್ತೇವೆ, ರೈತರು ನೇಗಿಲಿಗೆ, ಡ್ರೈವರು ಬಸ್ಸಿಗೆ ಎಂದೆ. ನಮ್ಮ ಜೀವನ ನಡೆಯುವುದು ನಿಮ್ಮ ಈ ಚೀಟಿಯಿಂದ ಎಂದೆ.

"ಹಚ್ಚಿದವರು ಯಾರು?"

ಎಂಟು ದಿನದಿಂದ ನನ್ನ ನಾಲಿಗೆಯ ತುದಿಯಲ್ಲೇ ಕೂತಿದ್ದ ಉತ್ತರ ಅದು. ನನ್ನ ಅತ್ತೆ, ಬೇಡವೆಂದರೂ ಕೇಳದೆ ಹಚ್ಚಿದರು ಎನ್ನಬಹುದಿತ್ತು. ಆ ಕಿಟಕಿಯ ಮುಂದೆ ನಿಂತು ಅವರ ಹೆಸರು ಹೇಳಲು ಮನಸ್ಸು ಒಪ್ಪಲಿಲ್ಲ.

"ನಾನೇ," ಎಂದೆ. ಅಮೆರಿಕ ಸರ್ಕಾರಕ್ಕೆ ನಾನು ಹೇಳಿರುವ ಸುಳ್ಳು ಅದೊಂದೇ.

ಅವರು ಕನ್ನಡಕ ಏರಿಸಿ ನನ್ನನ್ನು ನೋಡಿದರು. ಹಳೆಯ ದಾಖಲೆ ತಾಳೆಯಾಗಿದೆ, ತಾರೀಖು ಸರಿಯಿದೆ ಎಂದರು. "ಮುಂದಿನ ವರ್ಷ ಹೊರಗಿನ ಕವರಿಗೆ ಹಚ್ಚಿ. ಒಳಗೆ ಬೇಡ," ಎಂದು ಹೊಸ ವೀಸಾ ಅಂಟಿಸಿದ್ದ ಪುಟ ತಿರುವಿ ಗಾಜಿನ ಕೆಳಗಿನಿಂದ ತಳ್ಳಿದರು. ನಕ್ಕರೋ ಇಲ್ಲವೋ ನನಗೆ ಕಾಣಲಿಲ್ಲ, ಕಣ್ಣು ಮಂಜಾಗಿತ್ತು. ಥ್ಯಾಂಕ್ಯೂ ಎನ್ನುವುದನ್ನು ಎಷ್ಟು ಸಲ ಅಂದೆನೋ, ಹಿಂದಿನವನು ಕೆಮ್ಮಿದ ಮೇಲೆ ಜಾಗ ಬಿಟ್ಟೆ.

ಲೂಪೆಗೆ ಹೇಳಲು ಓಡಿದೆ. ಅವಳು ಮ್ಯೂಸಿಯಂ ಎಂಬುದನ್ನೂ ಮರೆತು ಜೋರಾಗಿ ಕೂಗಿ ಅಪ್ಪಿಕೊಂಡಳು. ಮಗಳಿಗೆ ಏನಾದರೂ ಕಳಿಸುತ್ತೀರಾ, ಪೋಸ್ಟ್ ಮಾಡುತ್ತೇನೆ ಎಂದೆ. ಒಂದು ಚೀಟಿಯಲ್ಲಿ ಫೋನ್ ನಂಬರು ಬರೆದುಕೊಟ್ಟು, "ಏನೂ ಬೇಡ. ನಿಮ್ಮಮ್ಮ ದಪ್ಪ ಆಗಿದ್ದಾಳೆ, ಚೆನ್ನಾಗಿ ನಗ್ತಾಳೆ ಅಂತ ಹೇಳು. ನಾನು ಹೇಳಿದ್ರೆ ನಂಬಲ್ಲ, ನೋಡಿದವರು ಹೇಳಿದ್ರೆ ನಂಬ್ತಾಳೆ," ಎಂದಳು. ಊರು ಮುಟ್ಟಿದ ಮರುದಿನವೇ ನಾನು ಫೋರ್ಟ್ ಮಿಲ್‌ಗೆ ಫೋನ್ ಮಾಡಿ ಹಾಗೆಯೇ ಹೇಳಿದೆ. ಆ ಹುಡುಗಿ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದಳು, ನಾನು ಮತ್ತೆ ಮತ್ತೆ ಹೇಳಿದೆ.

ಶುಕ್ರವಾರ ಮಧ್ಯಾಹ್ನ ಡಲ್ಲೆಸ್‌ನಲ್ಲಿ ಇಳಿದೆ. ಇಮಿಗ್ರೇಷನ್ನಿನವನು ಠಪ್ಪೆಂದು ಠಸ್ಸೆ ಒತ್ತಿದ ಸದ್ದು ಕೇಳಿ, ಹತ್ತು ದಿನದಿಂದ ಹಿಡಿದಿಟ್ಟಿದ್ದ ಉಸಿರು ಒಂದೇ ಸಲ ಹೊರಗೆ ಬಂತು. ಹೊರಗಡೆ ಅನಘಾ ಓಡಿಬಂದವಳು ಒಂದು ಹೆಜ್ಜೆ ದೂರದಲ್ಲಿ ನಿಂತು, ನಾನೇ ಹೌದೋ ಎಂದು ಅಡಿಯಿಂದ ಮುಡಿಯವರೆಗೆ ನೋಡಿ, ಆಮೇಲೆ ಮಂಗನ ಮರಿಯ ಹಾಗೆ ಸೊಂಟ ಹತ್ತಿ ಕುಳಿತಳು. ಕಾರಿನಲ್ಲಿಯೂ ಇಳಿಯಲೊಲ್ಲಳು. ಸುಧೀಂದ್ರ ಬೆಲ್ಟು, ಪೊಲೀಸು ಎಂದೆಲ್ಲ ಹೆದರಿಸಿ ಅವಳ ಸೀಟಿಗೆ ಕಟ್ಟಿದ.

ಮನೆಯಲ್ಲಿ ಬಿಸಿನೀರು ಸುರಿದುಕೊಂಡು ಬರುವಷ್ಟರಲ್ಲಿ ಅತ್ತೆ ತಟ್ಟೆ ಹಾಕಿದ್ದರು. ಅನ್ನ, ಮೆಣಸಿನ ಸಾರು, ಸುಟ್ಟ ಹಪ್ಪಳ. ಸುಧೀಂದ್ರ ಸಿಂಕಿನ ಮುಂದೆ ಪಾತ್ರೆ ತೊಳೆಯುತ್ತಿದ್ದ. ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಎನಿಸಿತು.

"ಅತ್ತೆ, ನನ್ನದು ತಪ್ಪಾಯ್ತು. ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ. ಒಳ್ಳೇದಾಗ್ಲಿ ಅಂತ ತಾನೆ ನೀವು ಹಚ್ಚಿದ್ದು."

ಸಾರಿನ ಸೌಟು ಗಾಳಿಯಲ್ಲೇ ನಿಂತಿತು. "ನಾನೆಲ್ಲಿ ಹಚ್ದೆ? ಮುಟ್ಟಬೇಡಿ ಅಂತ ನೀನು ಹೇಳಿದ್ಮೇಲೆ ನಾನು ಆ ಫೈಲ್ ಇದ್ದ ಕಡೆ ತಲೆ ಹಾಕಿ ಮಲಗಿಲ್ಲ."

ಸಿಂಕಿನಲ್ಲಿ ಒಂದು ಪಾತ್ರೆ ಢಣ್ ಎಂದು ಬಿತ್ತು.

"ನಾನು ಕಣೆ," ಎಂದ ಸುಧೀಂದ್ರ, ತಿರುಗದೆಯೇ. "ನೀನು ಸ್ನಾನಕ್ಕೆ ಹೋಗಿದ್ದೆ. ಒಬ್ಳೇ ಹೋಗ್ತಿದೀಯಲ್ಲ, ಒಂಥರಾ ಭಯ ಆಗಿತ್ತು. ಮೇಲೆ ಹಚ್ಚಿದ್ರೆ ನೋಡಿ ನಗ್ತೀಯ ಅಂತ ಒಳಗೆ ಹಚ್ದೆ. ಮೊದಲನೇ ದಿನಾನೇ ಹೇಳ್ಬೇಕು ಅಂತಿದ್ದೆ, ಅಮ್ಮ ಬಿಡಲಿಲ್ಲ."

ನನಗೆ ಅವನ ಬೆನ್ನು ನೋಡಬೇಕೋ ಅತ್ತೆಯ ಮುಖ ನೋಡಬೇಕೋ ತೋಚಲಿಲ್ಲ. "ಗೊತ್ತಿದ್ದೂ ಅಷ್ಟು ದಿನ ನನ್ನ ಹತ್ರ ಬೈಸ್ಕೊಂಡ್ರಾ ಅತ್ತೆ? ಯಾಕೆ?"

"ಇನ್ನೇನ್ ಮಾಡ್ಲಿ? ಅಷ್ಟು ದೂರದಲ್ಲಿ ಒಬ್ಳೇ ಇದ್ದೆ. ಸಂಜೆ ಇವನ ಹತ್ರ ಅತ್ಕೊಂಡು ಒಂದಿಷ್ಟು ಹಗುರ ಆಗ್ತಿದ್ದೆ. ಇವನ ಮೇಲೇ ಸಿಟ್ಟು ಬಂದಿದ್ರೆ ಆಮೇಲೆ ಯಾರ ಹತ್ರ ಅಳ್ತಿದ್ದೆ ನೀನು?" ಅತ್ತೆ ಸಾರು ಬಡಿಸಿದರು. "ಈಗ ಬಂದಿದ್ದೀಯಲ್ಲ. ಬೈಯಿ ಅವನ್ನ, ಎಷ್ಟು ಬೇಕೋ ಅಷ್ಟು ಬೈಯಿ. ಮೊದ್ಲು ಊಟ ಮಾಡು."

ಅತ್ತೆಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ, ಸೌಟಿನ ಸಮೇತ.